ಸೋಮವಾರದ ಟವರ್ ರಿಪೇರಿ

ಲಿಬಿ ಮರೇಶ್ ತೀರಿಕೊಂಡಳೆಂದು ನಂಬಿ, ಸಾವಿನ ಮನೆಗೆ ಒಯ್ಯುವ ಊಟದ ಪಾತ್ರೆ ಹಿಡಿದುಕೊಂಡು ನಾನು ಅವಳ ಮನೆಗೆ ಹೋದರೆ, ಅವಳು ಹಿತ್ತಲಿನಲ್ಲಿ ಕೂತು ಕೋಸು ಹೆಚ್ಚುತ್ತಿದ್ದಳು. ಇದನ್ನು ಹೇಳಿದರೆ ಈಗಿನವರು ನಗುತ್ತಾರೆ. ನಗಲಿ. ಆವತ್ತು ನಾವೂ ಸ್ವಲ್ಪ ಹೊತ್ತು ನಕ್ಕೆವು. ಆದರೆ ಅದರ ಹಿಂದಿದ್ದ ಮೋಸ, ಅದರ ಮುಂದೆ ನಡೆದ ಮೋಸ ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಅದನ್ನು ಮುಚ್ಚಿಟ್ಟುಕೊಂಡು ಒಳ್ಳೆಯವಳು ಅನ್ನಿಸಿಕೊಳ್ಳುವ ಆಸೆ ನನಗಿಲ್ಲ.

ಅಮೆರಿಕದ ನೆಬ್ರಾಸ್ಕಾದ ನಮ್ಮ ಊರು ಬ್ರೆಜಿನಾದಲ್ಲಿ ಮಧ್ಯಾಹ್ನ ಹನ್ನೆರಡು ಗಂಟೆ ಎಂದರೆ ಲಿಬಿ. ಡೇರಿಯ ಮೇಲಿನ ಮಹಡಿಯಲ್ಲಿ ನಮ್ಮ ರೇಡಿಯೋ ಸ್ಟೇಷನ್. ಅಲ್ಲಿಂದ ಅವಳು ಅರ್ಧ ನಮ್ಮ ಹಿರಿಯರ ಚೆಕ್ ಭಾಷೆ, ಅರ್ಧ ಇಂಗ್ಲಿಷ್‌ನಲ್ಲಿ ಮಾತಾಡುತ್ತಿದ್ದಳು. ಮೊಟ್ಟೆಯ ಬೆಲೆ ಎಷ್ಟು, ಯಾರ ಮನೆಯಲ್ಲಿ ಮಗು ಹುಟ್ಟಿತು, ಯಾರು ಆಸ್ಪತ್ರೆಯಲ್ಲಿದ್ದಾರೆ, ಯಾರ ಹಸು ಬೇಲಿ ಹಾರಿತು, ನಮ್ಮ ಸಿಹಿ ಬನ್ನು ಕೊಲಾಚ್ ಮಾಡುವಾಗ ಹಿಟ್ಟು ಉಬ್ಬದಿದ್ದರೆ ಏನು ಮಾಡಬೇಕು, ಎಲ್ಲವೂ ಆ ಒಂದು ಗಂಟೆಯಲ್ಲಿ ಬರುತ್ತಿತ್ತು. ನಡುನಡುವೆ ಕುಣಿತದ ಹಾಡುಗಳು, ಪೋಲ್ಕಾ, ವಾಲ್ಟ್ಜ್. ರೇಡಿಯೋದಲ್ಲಿ ಮಾತಾಡುವವರಿಗೆ ಒಂದು ಬಿಗುಮಾನದ ದನಿ ಇರುತ್ತದಲ್ಲ, ಅದು ಅವಳಿಗೆ ಬರಲೇ ಇಲ್ಲ. ಪಕ್ಕದ ಕುರ್ಚಿಯಲ್ಲಿ ಕೂತು ಬಟಾಣಿ ಬಿಡಿಸುತ್ತಾ ಮಾತಾಡಿದ ಹಾಗೆ ಮಾತಾಡುತ್ತಿದ್ದಳು.

ಅವಳಪ್ಪ ಮದುವೆಗಳಲ್ಲಿ ಅಕಾರ್ಡಿಯನ್ ನುಡಿಸುತ್ತಿದ್ದವನು. ಮಗಳಿಗೂ ಅದೇ ಹುಚ್ಚು ಇತ್ತು, ಆದರೆ ಹೆಣ್ಣುಮಕ್ಕಳು ವೇದಿಕೆ ಹತ್ತುವುದನ್ನು ಅವನು ಒಪ್ಪಲಿಲ್ಲ. ಕಾಳು ಗೋದಾಮಿನಲ್ಲಿ ದುಡಿಯುತ್ತಿದ್ದ ಲಾಡಿಸ್ಲಾವ್‌ನನ್ನು ಮದುವೆಯಾಗಿ ಅವಳು ನನ್ನ ಮನೆಯ ಎದುರಿಗೆ ಬಂದಳು. ಎರಡನೇ ಮಹಾಯುದ್ಧದ ಕಾಲದಲ್ಲಿ ಸ್ಟೇಷನ್ನಿನ ಗಂಡಸರೆಲ್ಲ ಸೈನ್ಯಕ್ಕೆ ಹೋದಾಗ ಯಾರೂ ಸಿಗದೆ ಇವಳನ್ನು ಕರೆದರು. ಹೋದವರು ವಾಪಸು ಬರುವವರೆಗೆ ಮಾತ್ರ ಎಂದಿದ್ದರು. ಗಂಡಸರು ವಾಪಸು ಬಂದರು, ಆದರೆ ಮಧ್ಯಾಹ್ನದ ಗಂಟೆಯನ್ನು ಅವಳಿಂದ ಕಿತ್ತುಕೊಳ್ಳುವ ಧೈರ್ಯ ಯಾರಿಗೂ ಬರಲಿಲ್ಲ.

ಲಾಡಿಸ್ಲಾವ್ ಗೋದಾಮಿನಲ್ಲಿ ಕಾಲು ಜಾರಿ ಕಾಳಿನ ರಾಶಿಯೊಳಗೆ ಹೂತುಹೋದ. ಮರುದಿನ ಹನ್ನೆರಡಕ್ಕೆ ಇವಳು ಕಪ್ಪು ಬಟ್ಟೆ ಹಾಕಿಕೊಂಡು ಸ್ಟೇಷನ್ನಿಗೆ ಹೊರಟಳು. ನಾನು ಬಾಗಿಲಿಗೆ ಅಡ್ಡ ನಿಂತೆ. “ಊರಲ್ಲಿ ಯಾರು ಸತ್ರೂ ನಾನೇ ತಾನೇ ಹೇಳೋದು? ಇವರನ್ನ ಬೇರೆಯವರ ಬಾಯಲ್ಲಿ ಹೇಳ್ಸೋಕೆ ನಂಗಾಗಲ್ಲ, ವ್ಲಾಸ್ತಾ” ಎಂದಳು. ಹೋದಳು. ಮೈಕಿನ ಮುಂದೆ ಕೂತಾಗ ದನಿ ಹೊರಡಲಿಲ್ಲವಂತೆ. ಸುಮ್ಮನಿರಲಾರದೆ ಅವನಿಗಿಷ್ಟವಾದ ಪೋಲ್ಕಾ ಹಾಕಿದಳು. ಅದು ಮುಗಿದ ಮೇಲೆ, “ಲಾಡಿಸ್ಲಾವ್ ಮರೇಶ್. ನನ್ನ ಗಂಡ. ಶನಿವಾರ ಹತ್ತಕ್ಕೆ ಚರ್ಚಿನಲ್ಲಿ” ಎಂದಳು. ಇಡೀ ಊರು ತಂತಮ್ಮ ಅಡುಗೆಮನೆಯಲ್ಲಿ ಎದ್ದು ನಿಂತಿತ್ತು. ಎದ್ದು ನಿಲ್ಲಿ ಎಂದು ಯಾರೂ ಹೇಳಿರಲಿಲ್ಲ.

ಅಲ್ಲಿಂದ ಅದೇ ನಮ್ಮ ಪದ್ಧತಿಯಾಯಿತು. ಯಾರಾದರೂ ಸತ್ತರೆ ಮೊದಲು ಅವರ ಹಾಡು, ಆಮೇಲೆ ಹೆಸರು. ಮಾತಿಲ್ಲದೆ ಹಾಡು ಶುರುವಾಯಿತೆಂದರೆ ಕೈಯಲ್ಲಿದ್ದ ಚಮಚ ಕೆಳಗಿಟ್ಟು ಏಳುವುದು, ಗಂಡಸರು ಟೋಪಿ ತೆಗೆಯುವುದು. ಯಾವ ಹಾಡು ಎನ್ನುವುದನ್ನು ಮನುಷ್ಯ ಬದುಕಿರುವಾಗಲೇ ಹೋಗಿ ಲಿಬಿಯ ಕಿವಿಯಲ್ಲಿ ಹೇಳಿ ಬರಬೇಕು. ಗಂಡನದು ಹೆಂಡತಿಗೂ ಗೊತ್ತಾಗಕೂಡದು. ಅವಳು ಒಂದನ್ನೂ ಬರೆದಿಟ್ಟುಕೊಂಡವಳಲ್ಲ, ಎಲ್ಲ ತಲೆಯಲ್ಲೇ. ನಾನು ಎಷ್ಟೋ ಸಲ ಪುಸಲಾಯಿಸಿ ನನ್ನ ಗಂಡ ಏನು ಹೇಳಿದ್ದಾನೆಂದು ಕೇಳಿದ್ದೇನೆ. “ನೀನು ಮೊದ್ಲು ಹೋದ್ರೆ ನಿಂಗ್ಯಾಕೆ ಬೇಕು, ಅವನು ಮೊದ್ಲು ಹೋದ್ರೆ ನೀನೇ ಕೇಳ್ತೀಯ” ಎಂದು ಬಾಯಿ ಮುಚ್ಚಿಸುತ್ತಿದ್ದಳು. ನಮ್ಮ ಪಾದ್ರಿಯ ಸೋದರತ್ತೆ, ಜಪಮಾಲೆ ಬಿಟ್ಟು ಬೇರೆ ಏನನ್ನೂ ಮುಟ್ಟದ ಹೆಂಗಸು, ಸತ್ತಾಗ ಲಿಬಿ ಹಾಕಿದ್ದು ಬಿಯರ್ ಅಂಗಡಿಯ ಪೋಲಿ ಹಾಡು. ಪಾದ್ರಿ ಸಮೇತ ಎಲ್ಲರೂ ಎದ್ದು ನಿಂತಿದ್ದೆವು. ತಟ್ಟೆ ತೊಳೆದು ಮುಗಿಯುವವರೆಗೆ ಯಾರೂ ನಗಲಿಲ್ಲ. ಸತ್ತವರು ಆರಿಸಿದ ಹಾಡನ್ನು ಬದುಕಿರುವವರು ಪ್ರಶ್ನೆ ಮಾಡುವ ಹಾಗಿಲ್ಲ. ಲಿಬಿ ಹಾಕಿದಳೆಂದರೆ ಅದೇ ಅವರ ಹಾಡು.

ಅವಳ ಬಾಯಿಂದ ಬಂದದ್ದನ್ನು ಯಾರೂ ಇನ್ನೊಬ್ಬರಲ್ಲಿ ವಿಚಾರಿಸಿದ್ದಿಲ್ಲ. ಹಿಮ ಬಿದ್ದ ದಿನ, ನಾಳೆ ಶಾಲೆ ಇಲ್ಲ ಎಂದು ಅವಳು ಹೇಳಿದರೆ ಮರುದಿನ ಮಕ್ಕಳು ಕಂಬಳಿ ಬಿಟ್ಟು ಏಳುತ್ತಿರಲಿಲ್ಲ. ಆಸ್ತಿಪಾಸ್ತಿ ಅನ್ನುವುದೊಂದೂ ಇರಲಿಲ್ಲ ಅವಳಿಗೆ. ಇದ್ದದ್ದು ಆ ನಂಬಿಕೆ.

ಈಗ ಡ್ವೇನ್ ಪೊಸ್ಪಿಶಿಲ್‌ನ ವಿಷಯ. ಕೊರಿಯಾ ಯುದ್ಧದಿಂದ ವಾಪಸು ಬಂದು ಕೆಲಸವಿಲ್ಲದೆ ಬಿಲಿಯರ್ಡ್ಸ್ ಅಂಗಡಿಯಲ್ಲಿ ಬಿದ್ದಿರುತ್ತಿದ್ದವನನ್ನು ಸ್ಟೇಷನ್ನಿಗೆ ಸೇರಿಸಿದವಳೇ ಲಿಬಿ. ಮೈಕಿಗೆ ಎಷ್ಟು ಹತ್ತಿರ ಬಾಯಿಡಬೇಕು, ಹಾಳೆ ಮಗುಚುವ ಸದ್ದು ಕೇಳದ ಹಾಗೆ ಹೇಗೆ ಮಗುಚಬೇಕು, ಎಲ್ಲ ಅವಳೇ ಕಲಿಸಿದಳು. ಶನಿವಾರ ರಾತ್ರಿಯ ಊಟ ಅವನಿಗೆ ಅವಳ ಮನೆಯಲ್ಲೇ. “ತೇತಾ” ಎಂದು ಕರೆಯುತ್ತಿದ್ದ. ನಮ್ಮ ಮಾತಿನಲ್ಲಿ ಅತ್ತೆಯೂ ಅದೇ, ಚಿಕ್ಕಮ್ಮನೂ ಅದೇ. ಮಕ್ಕಳಿಲ್ಲದ ಲಿಬಿಗೆ ಆ ಒಂದು ಮಾತು ಸಾಕಾಗಿತ್ತು. ನನಗೆ ಅವನ ನಗು ಮೊದಲಿನಿಂದಲೂ ಹಿಡಿಸಿರಲಿಲ್ಲ, ಆದರೆ ನನಗೆ ಯಾರ ನಗುವೂ ಹಿಡಿಸುವುದಿಲ್ಲ ಎಂದು ಲಿಬಿ ತಮಾಷೆ ಮಾಡುತ್ತಿದ್ದಳು.

ಸಾವಿರದ ಒಂಬೈನೂರ ಐವತ್ತೇಳರ ಬೇಸಿಗೆಯಲ್ಲಿ ಹಳೆಯ ಮಾಲೀಕ ಸ್ಟೇಷನ್ನನ್ನು ಓಮಾಹಾ ನಗರದವನೊಬ್ಬನಿಗೆ ಮಾರಿದ. ಹೊಸಬನಿಗೆ ಒಂದೇ ಲೆಕ್ಕ. ಹುಡುಗ ಹುಡುಗಿಯರು ಕಾರಿನಲ್ಲಿ ರೇಡಿಯೋ ಇಟ್ಟುಕೊಂಡು ತಿರುಗುತ್ತಾರೆ, ಅವರಿಗೆ ಬೇಕಾದದ್ದು ರಾಕ್ ಅಂಡ್ ರೋಲ್, ಹಗಲೂ ರಾತ್ರಿಯೂ ಅದನ್ನೇ ಹಾಕಿದರೆ ಸುತ್ತಲಿನ ಯಾವ ಸ್ಟೇಷನ್ನೂ ನಮಗೆ ಸಾಟಿಯಾಗುವುದಿಲ್ಲ. ಆಗ ಅಂಥ ಸ್ಟೇಷನ್ನುಗಳು ದೊಡ್ಡ ಊರುಗಳಲ್ಲೇ ಬೆರಳೆಣಿಕೆಯಷ್ಟಿದ್ದವು. ಅವನು ಮ್ಯಾನೇಜರ್ ಕುರ್ಚಿ ಕೊಡುತ್ತೇನೆಂದ, ಡ್ವೇನ್ ಆಗಲಿ ಎಂದು ತಲೆಯಾಡಿಸಿದ. ಇದೆಲ್ಲ ನಮಗೆ ಆಮೇಲೆ ತಿಳಿದದ್ದು. ಆ ಎರಡು ತಿಂಗಳೂ ಅವನು ಶನಿವಾರದ ಊಟ ತಪ್ಪಿಸಲಿಲ್ಲ.

ಅಕ್ಟೋಬರಿನ ಒಂದು ಶನಿವಾರ ಲಿಬಿಯ ಗಂಟೆ ಮುಗಿಯುವ ಹೊತ್ತಿಗೆ ಡ್ವೇನ್ ಒಳಗೆ ಬಂದು, ಸೋಮವಾರ ಟವರ್ ರಿಪೇರಿ ಇದೆ, ಸ್ಟೇಷನ್ ಇರುವುದಿಲ್ಲ, ಒಂದು ಮಾತು ಹೇಳಿಬಿಡು ಎಂದ. ಅವಳು ಹೇಳಿದಳು. “ಸೋಮವಾರ ಟವರ್ ರಿಪೇರಿ. ರೇಡಿಯೋ ಹಚ್ಚಿ ಸುಮ್ನೆ ಕರೆಂಟ್ ಖರ್ಚು ಮಾಡ್ಬೇಡಿ. ಮಂಗಳವಾರ ನಾನು ಬರ್ತೀನಿ.” ಆ ರಾತ್ರಿ ಅವನು ಅವಳ ಮನೆಯಲ್ಲಿ ಬಾತುಕೋಳಿ ಮಾಂಸ ತಿಂದ, ಗಸಗಸೆ ಕೊಲಾಚ್ ತಿಂದ, ನಾಲ್ಕನ್ನು ಕಾಗದದಲ್ಲಿ ಸುತ್ತಿಕೊಂಡು ಹೋದ.

ಸೋಮವಾರ ಬೆಳಿಗ್ಗೆ ನಾನು ಅಭ್ಯಾಸಬಲದಿಂದ ರೇಡಿಯೋ ಗುಂಡಿ ತಿರುಗಿಸಿದೆ. ಸುಮ್ಮನಿರಬೇಕಾದ ಸ್ಟೇಷನ್ ಹಾಡುತ್ತಿತ್ತು. ಯಾವನೋ ಹುಡುಗ ಕಿರುಚಿ ಶುರುಮಾಡುವ, ಸ್ಯಾಕ್ಸೋಫೋನ್ ಒದರುವ ಹಾಡು. ಅದು ಮುಗಿಯಿತು, ಯಾರೂ ಮಾತಾಡಲಿಲ್ಲ. ಮತ್ತೆ ಅದೇ ಹಾಡು, ಮತ್ತೆ ಮಾತಿಲ್ಲ. ಹೊಸ ರೀತಿಗೆ ತಿರುಗುವ ಸ್ಟೇಷನ್ನುಗಳು ಜನರ ಕಿವಿ ನಿಮಿರಲಿ ಎಂದು ದಿನವಿಡೀ ಒಂದೇ ಹಾಡು ಹಾಕುವುದು ಆ ಕಸುಬಿನವರ ಒಂದು ಆಟವಂತೆ. ನಮಗೇನು ಗೊತ್ತು? ನಮಗೆ ಮಾತಿಲ್ಲದ ಹಾಡು ಎಂದರೆ ಸಾವು. ಎದ್ದು ನಿಂತೆ. ಕೂತೆ. ಮತ್ತೆ ನಿಂತೆ. ಟವರ್ ರಿಪೇರಿಯನ್ನೇ ನಿಲ್ಲಿಸಿ ಹಾಡು ಹಾಕಬೇಕಾದರೆ ಸತ್ತವರು ಯಾರು? ಹೆಸರು ಹೇಳಲು ಲಿಬಿ ಯಾಕಿಲ್ಲ? ಬೇಲಿಯಾಚೆಯ ಹೆಂಗಸು ಓಡಿ ಬಂದಳು. ಅವಳ ಮುಖ ನೋಡಿದರೆ ನನಗೆ ಹೊಳೆದದ್ದೇ ಅವಳಿಗೂ ಹೊಳೆದಿತ್ತು. ಸತ್ತವರ ಹೆಸರೆಲ್ಲ ಹೇಳಿ ತನ್ನದನ್ನು ಮಾತ್ರ ಹೇಳಲಾಗದವಳು ಊರಿನಲ್ಲಿ ಒಬ್ಬಳೇ ಅಲ್ಲವೇ?

“ಈ ಕಿರುಚಾಟ ಲಿಬಿ ಆರಿಸ್ಕೊಂಡಿದ್ದಾ?” ಎಂದು ಅವಳು ಪಿಸುಗುಟ್ಟಿದಳು.

“ಸತ್ತೋರ ಇಷ್ಟ. ನಾವ್ಯಾರು ಕೇಳೋಕೆ” ಎಂದು ನಾನು ಅಳುತ್ತಲೇ ಹಂದಿಮಾಂಸ ಬೇಯಲಿಟ್ಟೆ.

ಸಾವಿನ ಮನೆಗೆ ಮೊದಲು ಊಟ ಹೋಗಬೇಕು, ಮಾತು ಆಮೇಲೆ. ಹಾಗಾಗಿ ಯಾರೂ ಫೋನ್ ಮಾಡಲಿಲ್ಲ. ಹನ್ನೊಂದೂವರೆಗೆ ನಾವು ಏಳೆಂಟು ಹೆಂಗಸರು ಪಾತ್ರೆ ಹಿಡಿದು ಅವಳ ಅಂಗಳದಲ್ಲಿ ಸೇರಿದ್ದೆವು. ಬಾಗಿಲು ತಟ್ಟಿದರೆ ಯಾರೂ ಇಲ್ಲ. ಹಿತ್ತಲಿಗೆ ಹೋದರೆ, ಉಪ್ಪು ಹಾಕಿ ಹುಳಿ ಬರಿಸಲು ಕೋಸು ಹೆಚ್ಚುತ್ತಾ ಕೂತಿದ್ದಾಳೆ ಮಹಾರಾಯಿತಿ, ಕೈಯಲ್ಲಿ ಮೊಳದುದ್ದದ ಚೂರಿ. ಒಬ್ಬಳು ಪಾತ್ರೆ ಬೀಳಿಸಿದಳು.

“ಏನಾಯ್ತ್ರೇ, ಯಾರು ಹೋದ್ರು?” ಎಂದು ಲಿಬಿ ಎದ್ದಳು.

“ನೀನೇ ಹೋಗಿದ್ದು” ಎಂದೆ. ಬಿದ್ದು ಬಿದ್ದು ನಕ್ಕೆವು. ಲಿಬಿಗೆ ಕಣ್ಣಲ್ಲಿ ನೀರು ಬರುವಷ್ಟು ನಗು. ಎಲ್ಲ ಪಾತ್ರೆಗಳ ಮುಚ್ಚಳ ತೆಗೆಸಿ, ತನ್ನ ಸಾವಿಗೆ ಯಾರು ಎಷ್ಟು ಬೆಣ್ಣೆ ಹಾಕಿದ್ದಾರೆಂದು ನೋಡಿದಳು. ನನ್ನದಕ್ಕೆ ಉಪ್ಪು ಕಮ್ಮಿ ಎಂದಳು. ಆಮೇಲೆ, ನನ್ನ ಹಾಡು ಅದೇನು ಕೇಳೋಣ ಎಂದು ತಾನೇ ಒಳಗೆ ಹೋಗಿ ರೇಡಿಯೋ ಹಚ್ಚಿದಳು. ಸರಿಯಾಗಿ ಹನ್ನೆರಡು. ಹಾಡು ನಿಂತು ಡ್ವೇನ್‌ನ ದನಿ ಬಂತು. ಇನ್ನು ಮೇಲೆ ಮೊಟ್ಟೆ ಬೆಲೆಯಿಲ್ಲ, ಮುದುಕರ ನರಳಾಟವಿಲ್ಲ, ಹೆಣಗಳಿಗೆ ಪೋಲ್ಕಾ ಇಲ್ಲ, ಇಲ್ಲಿಂದ ಮುಂದೆ ಹಗಲೂ ರಾತ್ರಿ ರಾಕ್ ಅಂಡ್ ರೋಲ್ ಎಂದು, ಅವಳೇ ಕಲಿಸಿಕೊಟ್ಟ ಹಾಗೆ ಮೈಕಿನಿಂದ ಒಂದು ಗೇಣು ದೂರದಲ್ಲಿ ಬಾಯಿಟ್ಟು, ಸ್ಪಷ್ಟವಾಗಿ ಹೇಳಿದ.

ಅವಳು ಅಳಲಿಲ್ಲ. ಚೂರಿಯನ್ನು ಒರೆಸಿ ಮೇಜಿನ ಮೇಲಿಟ್ಟಳು. “ಕೆಲಸ ಬೇಡ ಅಂದಿದ್ರೆ ಸುಮ್ನೆ ಎದ್ದು ಬರ್ತಿದ್ದೆ. ನನ್ನ ಬಾಯಿಂದ್ಲೇ ಸುಳ್ಳು ಹೇಳಿಸ್ಬಿಟ್ನಲ್ಲಾ” ಎಂದಳು. ಆಗಲೇ ಡೇರಿಯ ಹತ್ತಿರ ಹೋದಳು. ಬಾಗಿಲಿಗೆ ಒಳಗಿನಿಂದ ಬೀಗ. ಮೇಲಿನ ಕಿಟಕಿಯಿಂದ ಡ್ವೇನ್ ತಲೆ ಹೊರಹಾಕಿ, ಆಮೇಲೆ ಮಾತಾಡೋಣ ತೇತಾ, ಈಗ ಕೆಲಸ ಇದೆ ಎಂದನಂತೆ.

ಹಾಡುಗಳ ಮೇಲೆ ನನಗೆ ಸಿಟ್ಟಿಲ್ಲ. ಮಂಗಳವಾರದಿಂದ ಒಂದರ ಹಿಂದೆ ಒಂದು ಹೊಸ ಹಾಡು ಬರತೊಡಗಿದಾಗ ನನ್ನ ಹೆಣ್ಣುಮಕ್ಕಳು ಅಡುಗೆಮನೆಯಲ್ಲೇ ಕುಣಿದರು. ನನ್ನ ಕಾಲೂ ತಾಳ ಹಾಕಿತು, ಸುಳ್ಳು ಯಾಕೆ ಹೇಳಲಿ. ನಾವೂ ಪೋಲ್ಕಾಕ್ಕೆ ಕುಣಿದಾಗ ನಮ್ಮಜ್ಜಿ ಬೈದಿದ್ದಳು. ತಪ್ಪು ಹಾಡಿನದಲ್ಲ. ತಿಂದ ಮನೆಗೆ ಎರಡು ಬಗೆದವನದು.

ಅದೇ ಮಂಗಳವಾರ ಸಂಜೆ ಬೋಹುಮಿಲ್ ತೇಸಾರ್ ತೀರಿಕೊಂಡರು. ಗಾಡಿ ಚಕ್ರ, ಆಮೇಲೆ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿದ್ದ ಕಮ್ಮಾರರು. ತಿಂಗಳಿಂದ ಹಾಸಿಗೆ ಹಿಡಿದಿದ್ದರು. ಹೆಂಡತಿ ಆಲ್ಬೀನಾ ಹಾಸಿಗೆಯ ಪಕ್ಕ ಬಿಟ್ಟು ಎದ್ದಿರಲಿಲ್ಲ. ಬೋಹುಮಿಲ್‌ಗೆ ತಲೆನೋವೆಂದು ಆ ಮನೆಯಲ್ಲಿ ರೇಡಿಯೋ ಬಂದ್ ಆಗಿತ್ತು. ಹೋದ ವಸಂತದಲ್ಲಿ ಬೋಹುಮಿಲ್ ಲಿಬಿಯ ಹತ್ತಿರ ಹೋಗಿ ತಮ್ಮ ಹಾಡು ಹೇಳಿ, ನಗುತ್ತಾ ಮೆಟ್ಟಿಲಿಳಿದು ಬಂದಿದ್ದರು. ಕೆಳಗೆ ಕಾಯುತ್ತಿದ್ದ ಆಲ್ಬೀನಾ ಯಾಕೆ ನಗು ಎಂದರೆ ಹೇಳಲಿಲ್ಲ. “ನಮ್ಮ ಮದುವೆ ವಾಲ್ಟ್ಜೇ ಇರ್ಬೇಕು, ಇನ್ನೇನು ಹೇಳ್ತಾರೆ” ಎಂದು ಅವಳು ಎಲ್ಲರ ಮುಂದೆ ಹೇಳಿಕೊಂಡು ಓಡಾಡಿದ್ದಳು. ನಲವತ್ತು ವರ್ಷ ಊರಿನ ಕುಣಿತದ ಹಾಲ್‌ನಲ್ಲಿ ಆ ವಾಲ್ಟ್ಜ್ ಬಂದಾಗಲೆಲ್ಲ ಅವರಿಬ್ಬರೂ ಕುಣಿಯಲು ಎದ್ದದ್ದನ್ನು ನಾವು ನೋಡಿದ್ದೇವೆ.

ಬುಧವಾರ ಬೆಳಿಗ್ಗೆ ಡ್ವೇನ್ ಲಿಬಿಯ ಬಾಗಿಲಿಗೆ ಬಂದ. ಮಾಂಸದಂಗಡಿಯವನು, ಬೀಜದಂಗಡಿಯವನು, ಜಾಹೀರಾತು ಕೊಡುವ ಎಲ್ಲರೂ ಅವನನ್ನು ಹಿಡಿದುಕೊಂಡಿದ್ದರು. ಲಿಬಿ ಸತ್ತಿದ್ದರೆ ಹೇಳಿ, ಬದುಕಿದ್ದರೆ ಅವಳ ದನಿ ಕೇಳಿಸಿ, ಹಳ್ಳಿಗಳಿಂದ ಜನ ಹೂ ಹಿಡಿದುಕೊಂಡು ಬರುತ್ತಿದ್ದಾರೆ ಎಂದು. ಒಂದೇ ನಿಮಿಷ ಬಂದು ಬದುಕಿದ್ದೇನೆ ಅನ್ನು ತೇತಾ ಎಂದು ಬೇಡಿಕೊಂಡ. ಸೋಮವಾರದ ವಿಷಯಕ್ಕೆ, ನನ್ನ ಕೈಯಲ್ಲೇನಿತ್ತು ಹೇಳು ಎಂದ. ಲಿಬಿ ಒಂದೇ ಷರತ್ತು ಹಾಕಿದಳು. ಬೋಹುಮಿಲ್‌ಗೆ ಕೊಟ್ಟ ಮಾತಿದೆ, ಅವರ ಹಾಡು ಒಂದು ಸಲ ಹೋಗಬೇಕು, ಅದಾದ ಮೇಲೆ ನಿನ್ನ ಸ್ಟೇಷನ್ನಿನ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ಅವನು ತಾಯಿಯ ಮೇಲೆ ಆಣೆ ಇಟ್ಟ. ಮೈಕು ಒಂದೇ ನಿಮಿಷ ಸಿಗುವುದರಿಂದ ಈ ಸಲ ಹೆಸರು ಮೊದಲು, ಹಾಡು ಆಮೇಲೆ ಎಂದ. ಕ್ರಮ ತಪ್ಪುವುದು ಅವಳಿಗೆ ಹಿಡಿಸಲಿಲ್ಲ, ಆದರೂ ಒಪ್ಪಿದಳು. ಅವನನ್ನು ನಂಬಬೇಡವೆಂದು ನಾನು ಕೂಗಾಡಿದೆ. “ತಾಯಿ ಮೇಲೆ ಆಣೆ ಇಟ್ಟಿದಾನೆ ಕಣೇ” ಎಂದಳು.

ಮಧ್ಯಾಹ್ನ ನಾನು ಆಲ್ಬೀನಾಳ ಅಡುಗೆಮನೆಯಲ್ಲಿ ಅಂತ್ಯಕ್ರಿಯೆಯ ಊಟದ ಕೊಲಾಚ್‌ಗೆ ಹಿಟ್ಟು ನಾದುತ್ತಿದ್ದೆ. ಅವಳು ಗಂಡನ ಕರಿ ಕೋಟಿಗೆ ಬ್ರಷ್ ಹಾಕುತ್ತಿದ್ದಳು. ತಿಂಗಳ ನಂತರ ರೇಡಿಯೋ ಹಚ್ಚಿದೆವು. ಹನ್ನೆರಡಕ್ಕೆ ಲಿಬಿಯ ದನಿ ಬಂತು.

“ನಾನು ಲಿಬಿ. ಬದುಕಿದೀನಿ. ನಿಮ್ಮ ಪಾತ್ರೆಗಳನ್ನೆಲ್ಲ ತೊಳೆದಿಟ್ಟಿದೀನಿ, ಎರಡರ ಅಡಿಯಲ್ಲಿ ಹೆಸರಿಲ್ಲ, ಬಂದು ಗುರುತು ಹಿಡಿದು ತಗೊಂಡ್ಹೋಗಿ. ನಿನ್ನೆ ಸಂಜೆ ಬೋಹುಮಿಲ್ ತೇಸಾರ್ ಹೋಗ್ಬಿಟ್ರು. ಶುಕ್ರವಾರ ಹತ್ತಕ್ಕೆ ಚರ್ಚಿನಲ್ಲಿ. ಈಗ ಅವರು ನನ್ನ ಹತ್ರ ಹೇಳಿದ್ದ ಹಾಡು. ಏಳ್ರಪ್ಪಾ.”

ಎದ್ದೆವು. ಆಲ್ಬೀನಾ ಕೋಟನ್ನು ಎದೆಗೆ ಹಿಡಿದುಕೊಂಡಿದ್ದಳು, ಅವಳ ಒಂದು ಪಾದ ಆಗಲೇ ವಾಲ್ಟ್ಜಿನ ಮೊದಲ ಹೆಜ್ಜೆಗೆ ತುಸು ಹಿಂದೆ ಸರಿದಿತ್ತು. ಡ್ರಮ್ ಬಡಿಯಿತು. ಯಾವನೋ ಹುಡುಗ, ಹೋಗೇ ಹುಡುಗಿ, ನಿನ್ನ ಸಹವಾಸ ಸಾಕಾಯ್ತು, ಕೊನೆಗೂ ಬಿಡುಗಡೆ, ಇನ್ನು ನಾನೇ ರಾಜ ಎಂದು ಕೇಕೆ ಹಾಕಿ ಹಾಡಿದ. ನಾನು ರೇಡಿಯೋ ಬಂದ್ ಮಾಡಲು ಹೋದೆ. ಆಲ್ಬೀನಾ ತಲೆಯಾಡಿಸಿ ಬೇಡವೆಂದಳು. ಸತ್ತವರ ಹಾಡು, ಅರ್ಧಕ್ಕೆ ನಿಲ್ಲಿಸುವ ಹಾಗಿಲ್ಲ. ಕೊನೆಯವರೆಗೂ ನಿಂತು ಕೇಳಿದಳು. ಅದಾದ ಮೇಲೆ ಕೋಟನ್ನು ಕುರ್ಚಿಯ ಮೇಲೆ ಹಾಕಿ ನೀರು ಕುಡಿದಳು.

ಆ ಹೊತ್ತಿಗೆ ಸ್ಟೇಷನ್ನಿನಲ್ಲಿ ಲಿಬಿ ಗಾಜಿನಾಚೆಯ ಕೋಣೆಗೆ ನುಗ್ಗಿದ್ದಳಂತೆ. ಪರದೆ ಎಳೆದು ನೋಡಿದರೆ ಹಳೆಯ ಹಾಡಿನ ತಟ್ಟೆಗಳ ಕಪಾಟು ಪೂರ್ತಿ ಖಾಲಿ. ಭಾನುವಾರವೇ ಲಾರಿಯಲ್ಲಿ ಎಲ್ಲವನ್ನೂ ಹಾಕಿ ಓಮಾಹಾಕ್ಕೆ ಕಳಿಸಿಬಿಟ್ಟೆವು ತೇತಾ, ಹೊಸ ಹಾಡುಗಳ ರಾಶಿಯಲ್ಲಿ ಮೇಲಿದ್ದದ್ದನ್ನು ಹಾಕಿದೆ, ಯಾರಿಗೆ ಗೊತ್ತಾಗುತ್ತೆ ಎಂದನಂತೆ ಡ್ವೇನ್. ಬುಧವಾರ ಆಣೆ ಇಡುವಾಗ ಅವನಿಗೆ ಅದು ಗೊತ್ತಿತ್ತು. ಇದನ್ನೆಲ್ಲ ಲಿಬಿ ನನಗೆ ಬಿಡಿಸಿ ಹೇಳಿದ್ದು ವರ್ಷದ ಮೇಲೆ, ಅದೂ ಒಂದೇ ಸಲ.

ಅವಳ ಮುಂದಿನ ಬದುಕನ್ನು ಇಲ್ಲೇ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಕೊನೆಯಲ್ಲಿ ಹೇಳಬೇಕಾದದ್ದು ಬೇರೆ ಇದೆ. ಶಾಲೆಯ ಅಡುಗೆಮನೆ ಸೇರಿದಳು, ಮಕ್ಕಳಿಗೆ ಸೂಪು ಬಡಿಸುತ್ತಾ ಮುದುಕಿಯಾದಳು. ರೇಡಿಯೋವನ್ನು ಯಾರಿಗೋ ಕೊಟ್ಟುಬಿಟ್ಟಳು. ಡ್ವೇನ್ ಎರಡು ವರ್ಷ ಮ್ಯಾನೇಜರ್ ಆಗಿದ್ದ, ಆಮೇಲೆ ಅವನನ್ನೂ ಓಮಾಹಾದವನು ಕೈಬಿಟ್ಟ. ಅದರಿಂದ ನನಗೆ ಸಂತೋಷವಾಯಿತು, ಆದರೆ ಅಂದುಕೊಂಡಷ್ಟಲ್ಲ. ನನ್ನ ಗಂಡ ಸತ್ತಾಗ ಅವನು ಹೇಳಿದ್ದ ಹಾಡು ಯಾವುದೆಂದು ನಾನು ಲಿಬಿಯನ್ನು ಕೇಳಲಿಲ್ಲ, ಅವಳೂ ಹೇಳಲು ಬರಲಿಲ್ಲ. ಆ ಬುಧವಾರದ ಮೇಲೆ ಯಾರೂ ಅವಳನ್ನು ಕೇಳಲಿಲ್ಲ.

ಆ ಬುಧವಾರ ಸ್ಟೇಷನ್ನಿನಿಂದ ಲಿಬಿ ಮನೆಗೆ ಹೋಗದೆ ನೇರ ಆಲ್ಬೀನಾಳ ಮನೆಗೆ ಬಂದಳು. ಕೋಟು ಇಲ್ಲ, ತಲೆಗೆ ಬಟ್ಟೆ ಇಲ್ಲ, ಓಡಿ ಬಂದು ಏದುಸಿರು. ಆಲ್ಬೀನಾ ನನ್ನ ಪಕ್ಕ ನಿಂತು ಹಿಟ್ಟಿನ ಉಂಡೆಗಳನ್ನು ತಟ್ಟುತ್ತಿದ್ದಳು. ತಲೆಯೆತ್ತಲಿಲ್ಲ.

“ಆವತ್ತು ನಗ್ತಾ ಇಳಿದು ಬಂದ್ರು. ಇದಕ್ಕೇನಾ ನಕ್ಕಿದ್ದು?” ಎಂದಳು.

“ಇಲ್ಲ ಆಲ್ಬೀನಾ. ಅವರು ಹೇಳಿದ್ದು ನಿಮ್ಮ ಮದುವೆ ವಾಲ್ಟ್ಜೇ. ನಲವತ್ತು ವರ್ಷದಿಂದ ನೀನು ಅವರ ಕಾಲು ತುಳೀತಾನೇ ಇದೀಯ ಅಂತ ಹೇಳಿ ನಕ್ರು. ಸ್ಟೇಷನ್ನಲ್ಲಿ ಆ ಹಾಡಿನ ತಟ್ಟೆನೇ ಇರ್ಲಿಲ್ಲ. ಡ್ವೇನ್ ನಂಗೆ ಮೋಸ ಮಾಡ್ದ.”

“ನಾನು ಕಾಲು ತುಳಿಯೋದು ಊರಿಗೆಲ್ಲಾ ಗೊತ್ತು” ಎಂದಳು ಆಲ್ಬೀನಾ. “ನನ್ನ ಸಮಾಧಾನಕ್ಕೆ ಹೇಳ್ತಿದೀಯ. ಬಿಡು, ಒಳ್ಳೇ ಮನಸ್ಸು ನಿಂದು.”

ಲಿಬಿ ಅವಳ ಹಿಟ್ಟಿನ ಕೈಗಳನ್ನು ಹಾಗೇ ಹಿಡಿದುಕೊಂಡಳು. “ಇಷ್ಟು ವರ್ಷದಲ್ಲಿ ನಾನು ಒಂದೇ ಒಂದು ಸುಳ್ಳು ಹೇಳಿದೀನಾ? ನೀನೇ ಹೇಳು.”

ಆಲ್ಬೀನಾ ಮೆಲ್ಲಗೆ ಕೈ ಬಿಡಿಸಿಕೊಂಡಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ಯೋಚಿಸಿ ಉತ್ತರ ಕೊಡುವ ಹಾಗಿತ್ತು.

“ಸೋಮವಾರ ಟವರ್ ರಿಪೇರಿ ಅಂದಿದ್ದೆಯಂತೆ” ಎಂದು ಹೇಳಿ, ಮತ್ತೆ ಹಿಟ್ಟಿಗೆ ಕೈ ಹಾಕಿದಳು.